ಅಪ್ಡೇಟ್ ಕೊಲ್ಲಬೇಡಿ, ಹತ್ತು ದಿನ ತಡೆಯಿರಿ

ಪ್ರಶ್ನೆ: ತಿಪಟೂರಿನಲ್ಲಿ ಸಣ್ಣದೊಂದು ಡಿಟಿಪಿ, ಜೆರಾಕ್ಸ್ ಅಂಗಡಿ ನಡೆಸುತ್ತಿದ್ದೇನೆ. ಒಂದು ಡೆಸ್ಕ್‌ಟಾಪ್ ಇದೆ: ಆರನೇ ತಲೆಮಾರಿನ ಐ3, 4 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್‌ಡಿಸ್ಕ್, ವಿಂಡೋಸ್ 10 ಹೋಮ್. ಜೊತೆಗೆ ವಿಂಡೋಸ್ 11 ಹೋಮ್ ಇರುವ ಲ್ಯಾಪ್‌ಟಾಪ್. ಲಗ್ನಪತ್ರಿಕೆ, ಕರಪತ್ರ ಎಲ್ಲ ಕನ್ನಡ ಟೈಪಿಂಗ್ ತಂತ್ರಾಂಶ ನುಡಿ ಮತ್ತು ಪುಟವಿನ್ಯಾಸದ ಪೇಜ್‌ಮೇಕರ್‌ನಲ್ಲಿ. ಆನ್‌ಲೈನ್ ಅರ್ಜಿ, ಬೆರಳಚ್ಚು ಸಾಧನ ಬೇಕಾಗುವ ಕೆಲಸ ಲ್ಯಾಪ್‌ಟಾಪ್‌ನಲ್ಲಿ. ಪ್ರಿಂಟರ್ ಕ್ಯಾನನ್ ಎಲ್‌ಬಿಪಿ 2900, ಡೆಸ್ಕ್‌ಟಾಪ್‌ನಿಂದ ಶೇರ್ ಮಾಡಿದ್ದೇನೆ. ಗಿರಾಕಿ ಎದುರು ನಿಂತಿರುವಾಗಲೇ ಅಪ್ಡೇಟ್ ಶುರುವಾಗಿ ಮುಕ್ಕಾಲು ಗಂಟೆ ಸಿಸ್ಟಂ ಸಿಗುವುದಿಲ್ಲ. ಮೊಬೈಲ್ ಹಾಟ್‌ಸ್ಪಾಟ್ ಹಾಕಿದ ದಿನ ಡೇಟಾ ಪೂರ್ತಿ ಅದಕ್ಕೇ ಹೋಗುತ್ತದೆ. ಒಮ್ಮೆ ಅಪ್ಡೇಟ್ ಆದ ಮೇಲೆ ಲ್ಯಾಪ್‌ಟಾಪ್‌ನಿಂದ ಪ್ರಿಂಟ್ ಹೋಗುವುದೇ ನಿಂತಿತು. ಇದನ್ನು ಶಾಶ್ವತವಾಗಿ ನಿಲ್ಲಿಸಬಹುದೇ? ಇಲ್ಲವೇ ಲಿನಕ್ಸ್‌ಗೆ ಹೋಗಿಬಿಡಲೇ?

ಉತ್ತರ: ನಿಮ್ಮ ಸಿಟ್ಟಿನಲ್ಲಿ ನ್ಯಾಯವಿದೆ. ದುಡಿಯುವ ಯಂತ್ರ ಯಾವಾಗ ನಿಲ್ಲಬೇಕು ಎಂಬುದನ್ನು ಅಂಗಡಿಯವರು ತೀರ್ಮಾನಿಸಬೇಕೇ ಹೊರತು ಬೇರೆ ಯಾರೂ ಅಲ್ಲ. ಆದರೆ ಶಾಶ್ವತವಾಗಿ ನಿಲ್ಲಿಸುವುದು ಬೇಡ, ಏಕೆಂದು ಹೇಳುತ್ತೇನೆ. ವಿಂಡೋಸ್ ಬದಲು ಬಳಸಬಹುದಾದ ಉಚಿತ ಆಪರೇಟಿಂಗ್ ಸಿಸ್ಟಂ ಲಿನಕ್ಸ್‌ಗೆ ಹೋಗಬಹುದು, ಆದರೆ ಅಂಗಡಿಯ ಎಲ್ಲ ಕೆಲಸವನ್ನೂ ಅದು ಹೊರಲಾರದು.

ಮೊದಲು ಅಪ್ಡೇಟ್ ಬರುವ ಲೆಕ್ಕ. ಮೈಕ್ರೋಸಾಫ್ಟ್ ಪ್ರತಿ ತಿಂಗಳ ಎರಡನೇ ಮಂಗಳವಾರ ಭದ್ರತಾ ಅಪ್ಡೇಟ್ ಬಿಡುಗಡೆ ಮಾಡುತ್ತದೆ. ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಆಗ ಬೆಳಗಿನ 10 ಗಂಟೆ. ನಮ್ಮಲ್ಲಿ ರಾತ್ರಿ 10.30, ಅವರ ಚಳಿಗಾಲದಲ್ಲಿ 11.30. ಅಷ್ಟು ಹೊತ್ತಿಗೆ ನೀವು ಬಾಗಿಲು ಹಾಕಿ ಮೇನ್ ಸ್ವಿಚ್ ಆಫ್ ಮಾಡಿ ಹೋಗಿರುತ್ತೀರಿ. ಬುಧವಾರ ಬೆಳಿಗ್ಗೆ ಸಿಸ್ಟಂ ಹಾಕಿದ ಕೂಡಲೇ ಅದು ಡೌನ್‌ಲೋಡ್‌ಗೆ ಕೈ ಹಾಕುತ್ತದೆ. ತಿಂಗಳಿಗೊಮ್ಮೆ ಬುಧವಾರ, ಗುರುವಾರ ಯಂತ್ರ ಕಾರಣವಿಲ್ಲದೆ ತೆವಳುವಂತೆ ಕಾಣುವುದು ಇದರಿಂದ. ರಾತ್ರಿಯಿಡೀ ಕರೆಂಟ್ ಇರುವ ಕಚೇರಿಗಳಲ್ಲಿ ಈ ಕೆಲಸ ಯಾರಿಗೂ ಗೊತ್ತಾಗದಂತೆ ಮುಗಿದುಹೋಗುತ್ತದೆ. ರಾತ್ರಿ ಸ್ವಿಚ್ ಆರಿಸುವ ನಮ್ಮ ಅಂಗಡಿಗಳಿಗೆ ಆ ವ್ಯವಸ್ಥೆ ಒಗ್ಗುವುದಿಲ್ಲ.

ಹಾಗೆಂದು ಅಪ್ಡೇಟ್ ಸೇವೆಯನ್ನೇ ಆಫ್ ಮಾಡಿದರೆ ಏನಾಗುತ್ತದೆ? ಸರ್ವಿಸಸ್ ಪಟ್ಟಿಗೆ ಹೋಗಿ ವಿಂಡೋಸ್ ಅಪ್ಡೇಟ್ ಅನ್ನು ಡಿಸೇಬಲ್ ಮಾಡಿ ಎಂದು ಹೇಳಿಕೊಡುವ ವಿಡಿಯೊಗಳು ಬೇಕಾದಷ್ಟಿವೆ. ವಿಂಡೋಸ್ 10 ಮತ್ತು 11ರಲ್ಲಿ ಅಪ್ಡೇಟ್ ಮೆಡಿಕ್ ಎಂಬ ಇನ್ನೊಂದು ಸೇವೆ ಇದೆ. ನಿಂತುಹೋದ ಅಪ್ಡೇಟ್ ಸೇವೆಯನ್ನು ಮತ್ತೆ ಎಬ್ಬಿಸುವುದೇ ಅದರ ಕೆಲಸ. ಆದ್ದರಿಂದ ನೀವು ಆಫ್ ಮಾಡಿದ್ದು ಕೆಲ ದಿನಗಳಲ್ಲಿ ತಾನಾಗಿ ಆನ್ ಆಗುತ್ತದೆ, ಅದೂ ನಿಮಗೆ ತಿಳಿಯದಂತೆ. ಅಪ್ಡೇಟ್ ತಡೆಯುವ ಬಿಟ್ಟಿ ತಂತ್ರಾಂಶಗಳಿಗೆ ಅಡ್ಮಿನ್ ಅಧಿಕಾರ ಕೊಡುವುದಂತೂ ಬೇಡವೇ ಬೇಡ. ಗಿರಾಕಿಗಳ ಆಧಾರ್ ಪ್ರತಿ, ಬ್ಯಾಂಕ್ ಪಾಸ್‌ಬುಕ್ ಸ್ಕ್ಯಾನ್ ಇರುವ ಯಂತ್ರ ಅದು.

ಇನ್ನೊಂದು ಕಾರಣ ಇದಕ್ಕಿಂತ ದೊಡ್ಡದು. ವನ್ನಾಕ್ರೈ ಎಂಬ ರ‍್ಯಾನ್ಸಮ್‌ವೇರ್ (ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ಕುತಂತ್ರಾಂಶ) 2017ರ ಮೇ 12ರಂದು ಜಗತ್ತಿನಾದ್ಯಂತ ಹರಡಿತು. ಅದು ನುಗ್ಗಿದ ರಂಧ್ರವನ್ನು ಮುಚ್ಚುವ ಅಪ್ಡೇಟ್ ಅದೇ ವರ್ಷ ಮಾರ್ಚ್ 14ಕ್ಕೇ ಬಂದಿತ್ತು. ಎರಡು ತಿಂಗಳು ಹಾಕದೆ ಬಿಟ್ಟವರು ಫೈಲುಗಳನ್ನು ಕಳೆದುಕೊಂಡರು. ಈಗ ಇದರ ಇನ್ನೊಂದು ಮಗ್ಗುಲು ನೋಡಿ. 2018ರ ಅಕ್ಟೋಬರ್ 2ರಂದು ಬಂದ ವಿಂಡೋಸ್ 10ರ 1809 ಆವೃತ್ತಿ ಕೆಲವರ ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಫೋಲ್ಡರ್‌ಗಳ ಫೈಲುಗಳನ್ನೇ ಅಳಿಸಿತು. ಕೆಲವೇ ದಿನಗಳಲ್ಲಿ ಕಂಪನಿ ಅದನ್ನು ಹಿಂದಕ್ಕೆ ತೆಗೆದುಕೊಂಡು ನವೆಂಬರ್ 13ಕ್ಕೆ ಮತ್ತೆ ಬಿಟ್ಟಿತು. 2021ರ ಮಾರ್ಚ್‌ನ ಕೆಬಿ5000802 ಹಾಕಿದ ಮೇಲೆ ಕೆಲವು ಪ್ರಿಂಟರ್‌ಗಳಿಗೆ ಪ್ರಿಂಟ್ ಕೊಟ್ಟ ತಕ್ಷಣ ನೀಲಿ ಪರದೆ ಬರುತ್ತಿತ್ತು. ಅದಕ್ಕೂ ತಿದ್ದುಪಡಿ ಬರಲು ಹೆಚ್ಚು ದಿನ ಬೇಕಾಗಲಿಲ್ಲ. ಮೊದಲ ದಿನವೇ ಹಾಕಿದವರಿಗೂ ಪೆಟ್ಟು, ತಿಂಗಳುಗಟ್ಟಲೆ ಬಿಟ್ಟವರಿಗೂ ಪೆಟ್ಟು. ಅಂಗಡಿಗೆ ಸರಿಹೊಂದುವುದು ಸುಮಾರು ಹತ್ತು ದಿನದ ತಡೆ. ಕೆಟ್ಟ ಅಪ್ಡೇಟ್ ಆಗಿದ್ದರೆ ಅಷ್ಟರಲ್ಲಿ ಸಾಮಾನ್ಯವಾಗಿ ಸುದ್ದಿ ಹೊರಬಂದಿರುತ್ತದೆ. ಈಗಾಗಲೇ ದಾಳಿಗೆ ಬಳಕೆಯಾಗುತ್ತಿರುವ ರಂಧ್ರ ಎಂದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಎಚ್ಚರಿಕೆ ಕೊಟ್ಟ ತಿಂಗಳು ಮಾತ್ರ ಕಾಯಬೇಡಿ, ಅಂದೇ ರಾತ್ರಿ ಹಾಕಿ.

ಇದನ್ನು ಮಾಡುವುದು ಹೀಗೆ. ಡೆಸ್ಕ್‌ಟಾಪ್‌ನಲ್ಲಿ ಸೆಟ್ಟಿಂಗ್ಸ್, ಅಪ್ಡೇಟ್ ಅಂಡ್ ಸೆಕ್ಯುರಿಟಿ, ವಿಂಡೋಸ್ ಅಪ್ಡೇಟ್, ಅಡ್ವಾನ್ಸ್ಡ್ ಆಪ್ಷನ್ಸ್ ತೆರೆಯಿರಿ. ಅಲ್ಲಿ ಪಾಸ್ ಅಪ್ಡೇಟ್ಸ್ (Pause updates, ಅಂದರೆ ಅಪ್ಡೇಟ್ ತಡೆಹಿಡಿ) ಎಂಬಲ್ಲಿ ದಿನಾಂಕ ಆರಿಸಬಹುದು, ಗರಿಷ್ಠ 35 ದಿನ. ಎರಡನೇ ಮಂಗಳವಾರ ಸಂಜೆ ಬಾಗಿಲು ಹಾಕುವ ಮುಂಚೆ, ಅಲ್ಲಿಂದ ಹನ್ನೊಂದನೇ ದಿನದ ಶನಿವಾರವನ್ನು ಗುರುತು ಮಾಡಿ. 2026ರ ಜನವರಿಯಲ್ಲಾದರೆ ಮಂಗಳವಾರ 13ನೇ ತಾರೀಕು, ಶನಿವಾರ 24. ಆ ಶನಿವಾರ ಸಂಜೆ ಗಿರಾಕಿಗಳು ಕಡಿಮೆಯಾದ ಮೇಲೆ ನೀವೇ ರೆಸ್ಯೂಮ್ ಒತ್ತಿ, ಅಪ್ಡೇಟ್ ಇಳಿಸಿ, ರೀಸ್ಟಾರ್ಟ್ ಮಾಡಿ, ಮತ್ತೆ ಡೆಸ್ಕ್‌ಟಾಪ್ ಕಾಣುವವರೆಗೆ ಕಾದು ಬಾಗಿಲು ಹಾಕಿ. ಸುಮ್ಮನೆ ಪಾಸ್ ಒತ್ತುತ್ತಾ ಹೋಗಲು ಆಗುವುದಿಲ್ಲ. ಅವಧಿ ಮುಗಿದ ಮೇಲೆ ಬಾಕಿ ಅಪ್ಡೇಟ್ ಹಾಕಿದರೆ ಮಾತ್ರ ಮತ್ತೆ ಪಾಸ್ ಸಿಗುತ್ತದೆ. ವಿಂಡೋಸ್ 11ರಲ್ಲಿ ಇದೇ ಸೌಲಭ್ಯ ವಿಂಡೋಸ್ ಅಪ್ಡೇಟ್‌ನ ಮೊದಲ ಪುಟದಲ್ಲಿ ವಾರಗಳ ಪಟ್ಟಿಯಾಗಿ ಸಿಗುತ್ತದೆ. ಅದರ ಹತ್ತಿರವೇ ಹೊಸ ಅಪ್ಡೇಟ್ ಬಂದ ತಕ್ಷಣ ಪಡೆಯುವ ಸ್ವಿಚ್ ಇದೆ, ಅದನ್ನು ಆಫ್ ಇಡಿ. ತಿಂಗಳ ಕೊನೆಯ ಹೊತ್ತಿಗೆ ಪ್ರಿವ್ಯೂ ಎಂಬ ಹೆಸರಿನ ಐಚ್ಛಿಕ ಅಪ್ಡೇಟ್ ಕಾಣಿಸುತ್ತದೆ. ಅದು ಮುಂದಿನ ತಿಂಗಳಿನದರ ಪರೀಕ್ಷೆ. ಅಂಗಡಿಯ ಯಂತ್ರದಲ್ಲಿ ಅದನ್ನು ಮುಟ್ಟಬೇಡಿ.

ಆಕ್ಟಿವ್ ಅವರ್ಸ್, ಅಂದರೆ ತಾನಾಗಿ ರೀಸ್ಟಾರ್ಟ್ ಆಗಬಾರದ ಹೊತ್ತು, ಅದನ್ನೂ ನೋಡಿಕೊಳ್ಳಿ. ಮೊದಲಿಗೆ ಅದು ಬೆಳಿಗ್ಗೆ 8ರಿಂದ ಸಂಜೆ 5ರವರೆಗೆ ಇರುತ್ತದೆ. ನಿಮ್ಮ ಅಂಗಡಿಯಲ್ಲಿ ನಿಜವಾದ ಜನಸಂದಣಿ ಸಂಜೆ 5ರ ಮೇಲೆಯೇ ಶುರುವಾಗುವುದಲ್ಲವೇ? ಗರಿಷ್ಠ 18 ಗಂಟೆ ಕೊಡಬಹುದು. ಬೆಳಿಗ್ಗೆ 6ರಿಂದ ರಾತ್ರಿ 12 ಎಂದು ಇಟ್ಟರೆ ದುಡಿಮೆಯ ನಡುವೆ ತಾನಾಗಿ ರೀಸ್ಟಾರ್ಟ್ ಆಗುವುದು ನಿಲ್ಲುತ್ತದೆ.

ಡೇಟಾ ವಿಷಯಕ್ಕೆ ಒಂದೇ ಸ್ವಿಚ್ ಸಾಕು. ಹಾಟ್‌ಸ್ಪಾಟ್‌ಗೆ ಜೋಡಿಸಿದಾಗ ಆ ವೈಫೈ ಹೆಸರಿನ ಪ್ರಾಪರ್ಟೀಸ್‌ಗೆ ಹೋಗಿ ಮೀಟರ್ಡ್ ಕನೆಕ್ಷನ್ (ಡೇಟಾಕ್ಕೆ ಮಿತಿಯಿರುವ ಸಂಪರ್ಕ) ಆನ್ ಮಾಡಿ. ತೀರಾ ಅಗತ್ಯವಾದವನ್ನು ಬಿಟ್ಟು ಉಳಿದ ಅಪ್ಡೇಟ್ ಅದರ ಮೇಲೆ ತಾನಾಗಿ ಇಳಿಯುವುದಿಲ್ಲ. ಪ್ರತಿ ವೈಫೈಗೂ ಇದನ್ನು ಬೇರೆಬೇರೆಯಾಗಿ ಮಾಡಬೇಕು, ಫೋನ್ ಬದಲಾದರೆ ಮತ್ತೊಮ್ಮೆ. ಡೆಲಿವರಿ ಆಪ್ಟಿಮೈಸೇಷನ್ ಎಂಬಲ್ಲಿ ಇಂಟರ್ನೆಟ್‌ನ ಬೇರೆ ಕಂಪ್ಯೂಟರ್‌ಗಳಿಗೆ ಹಂಚುವ ಆಯ್ಕೆ ಇದ್ದರೆ ಅದನ್ನೂ ತೆಗೆಯಿರಿ.

ಈಗ ಮುಕ್ಕಾಲು ಗಂಟೆಯ ವಿಷಯ. ಇದರ ತಪ್ಪು ಪೂರ್ತಿ ಅಪ್ಡೇಟ್‌ನದ್ದಲ್ಲ, ಬಹುಪಾಲು ಹಾರ್ಡ್‌ಡಿಸ್ಕ್‌ನದ್ದು. ಅಪ್ಡೇಟ್ ಎಂದರೆ ಸಾವಿರಾರು ಚಿಕ್ಕ ಫೈಲುಗಳನ್ನು ಬಿಚ್ಚುವುದು, ಹೋಲಿಸುವುದು, ಹಳೆಯದನ್ನು ಎತ್ತಿಟ್ಟು ಹೊಸದನ್ನು ಕೂರಿಸುವುದು. ತಿರುಗುವ ತಟ್ಟೆಯ ಮೇಲೆ ಮುಳ್ಳು ಪ್ರತಿ ಫೈಲಿಗೂ ಅತ್ತಿಂದಿತ್ತ ಓಡಾಡಬೇಕು. ಟಾಸ್ಕ್ ಮ್ಯಾನೇಜರ್ ತೆರೆದರೆ ಆ ಹೊತ್ತಿನಲ್ಲಿ ಡಿಸ್ಕ್ ಎಂಬ ಸಾಲು ಶೇ 100ಕ್ಕೆ ಅಂಟಿಕೊಂಡಿರುತ್ತದೆ, ಪ್ರೊಸೆಸರ್ ಆರಾಮಾಗಿ ಕೂತಿರುತ್ತದೆ. 4 ಜಿಬಿ ರ‍್ಯಾಮ್ ಸಾಲದೆ ಬಂದಾಗ ವಿಂಡೋಸ್ ಅದೇ ಡಿಸ್ಕ್‌ನ ಮೇಲೆ ಇನ್ನಷ್ಟು ಹೊರೆ ಹಾಕುತ್ತದೆ. 256 ಜಿಬಿಯ ಸಾಟಾ ಎಸ್‌ಎಸ್‌ಡಿ (ತಿರುಗುವ ತಟ್ಟೆಯಿಲ್ಲದ, ವೇಗದ ಡಿಸ್ಕ್) ಹಾಕಿ ರ‍್ಯಾಮ್ 8 ಜಿಬಿ ಮಾಡಿ. ಆರನೇ ತಲೆಮಾರಿನ ಬೋರ್ಡ್‌ಗಳಲ್ಲಿ ಡಿಡಿಆರ್3 ಇರುವುದೂ ಉಂಟು, ಡಿಡಿಆರ್4 ಇರುವುದೂ ಉಂಟು. ಹಳೆಯ ರ‍್ಯಾಮ್ ಕಡ್ಡಿಯನ್ನು ಅಂಗಡಿಗೆ ತೆಗೆದುಕೊಂಡು ಹೋಗಿ ತೋರಿಸಿ. ನೀವು ಯಾವ ಆಪರೇಟಿಂಗ್ ಸಿಸ್ಟಂ ಆರಿಸಿಕೊಂಡರೂ ಈ ಖರ್ಚು ವ್ಯರ್ಥವಾಗದು. ಸಿ ಡ್ರೈವ್‌ನಲ್ಲಿ ಯಾವಾಗಲೂ 20 ಜಿಬಿ ಖಾಲಿ ಇರಲಿ. ಜಾಗವಿಲ್ಲದೆ ಅಪ್ಡೇಟ್ ಅರ್ಧಕ್ಕೆ ನಿಂತರೆ ಅದು ಮತ್ತೆ ಮತ್ತೆ ಪ್ರಯತ್ನಿಸುತ್ತಾ ಯಂತ್ರವನ್ನು ಹಿಂಡುತ್ತದೆ.

ಪರದೆಯ ಮೇಲೆ ಶೇ 35 ಎಂದು ನಿಂತುಬಿಟ್ಟಿದೆ, ಗಿರಾಕಿ ಕಾಯುತ್ತಿದ್ದಾರೆ. ಆಗ ಪವರ್ ಬಟನ್ ಒತ್ತಿ ಹಿಡಿಯಬೇಡಿ. ಅಪ್ಡೇಟ್ ಕೆಟ್ಟು ಯಂತ್ರ ಏಳದೇ ಹೋಗುವುದಕ್ಕೆ ಇದು ಮುಖ್ಯ ಕಾರಣ, ಇನ್ನೊಂದು ನಡುವೆ ಕರೆಂಟ್ ಹೋಗುವುದು. ಯುಪಿಎಸ್ ಬ್ಯಾಟರಿ ಹದಿನೈದು ನಿಮಿಷವಾದರೂ ನಿಲ್ಲುತ್ತದೆಯೇ ಎಂದು ನೋಡಿಕೊಂಡೇ ಶನಿವಾರದ ಕೆಲಸಕ್ಕೆ ಕೂರಿ. ಹೀಗಿದ್ದೂ ಎದ್ದೇಳದಿದ್ದರೆ, ಸತತ ಮೂರು ಸಲ ಬೂಟ್ ವಿಫಲವಾದ ಮೇಲೆ ರಿಪೇರಿ ಪರದೆ ಬರುತ್ತದೆ. ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಅನ್‌ಇನ್‌ಸ್ಟಾಲ್ ಅಪ್ಡೇಟ್ಸ್, ಅದರಲ್ಲಿ ಇತ್ತೀಚಿನ ಕ್ವಾಲಿಟಿ ಅಪ್ಡೇಟ್ ತೆಗೆಯುವ ಆಯ್ಕೆ. ಹೆಚ್ಚಿನ ಸಲ ಇಷ್ಟಕ್ಕೇ ಯಂತ್ರ ಏಳುತ್ತದೆ, ಫಾರ್ಮ್ಯಾಟ್ ಮಾಡಬೇಕಾಗಿಲ್ಲ.

ಲ್ಯಾಪ್‌ಟಾಪ್‌ನಿಂದ ಪ್ರಿಂಟ್ ನಿಂತದ್ದಕ್ಕೂ ಒಂದು ಇತಿಹಾಸವಿದೆ. 2021ರಲ್ಲಿ ಪ್ರಿಂಟ್‌ನೈಟ್‌ಮೇರ್ ಎಂಬ ದೋಷ ಹೊರಬಿದ್ದ ಮೇಲೆ ಶೇರ್ ಮಾಡಿದ ಪ್ರಿಂಟರ್‌ಗಳ ಭದ್ರತೆಯನ್ನು ಹಂತಹಂತವಾಗಿ ಬಿಗಿ ಮಾಡಿದರು. ಆಗಿನಿಂದ 11ಬಿ ಎಂದು ಕೊನೆಯಾಗುವ ದೋಷಸಂಖ್ಯೆ ಸಣ್ಣ ಕಚೇರಿಗಳನ್ನು ಕಾಡುತ್ತಿದೆ. ಇದಕ್ಕೆ ರಿಜಿಸ್ಟ್ರಿ (ವಿಂಡೋಸ್‌ನ ಒಳಗಿನ ಸೆಟ್ಟಿಂಗ್‌ಗಳ ಕಡತ) ಬದಲಿಸುವ ಉಪಾಯ ಹೇಳುತ್ತಾರೆ, ಅದು ಆ ಬಿಗಿಯನ್ನೇ ಸಡಿಲಿಸುತ್ತದೆ. ಅದಕ್ಕಿಂತ ಹೀಗೆ ಮಾಡಿ: ಎರಡೂ ಯಂತ್ರಗಳಿಗೆ ಒಂದೇ ತಿಂಗಳವರೆಗಿನ ಅಪ್ಡೇಟ್ ಹಾಕಿ. ಲ್ಯಾಪ್‌ಟಾಪ್‌ನಲ್ಲಿ ಆಡ್ ಪ್ರಿಂಟರ್‌ಗೆ ಹೋಗಿ ಮ್ಯಾನ್ಯುಯಲ್ ಆಗಿ ಹೊಸ ಲೋಕಲ್ ಪೋರ್ಟ್ ಸೃಷ್ಟಿಸಿ. ಪೋರ್ಟ್‌ನ ಹೆಸರಾಗಿ ಎರಡು ಹಿಮ್ಮುಖ ಗೆರೆ, ಡೆಸ್ಕ್‌ಟಾಪ್‌ನ ಹೆಸರು, ಒಂದು ಹಿಮ್ಮುಖ ಗೆರೆ, ಪ್ರಿಂಟರ್‌ನ ಶೇರ್ ಹೆಸರು ಬರೆಯಿರಿ. ಆಮೇಲೆ 2900ರ ಡ್ರೈವರ್ ಅನ್ನು ಲ್ಯಾಪ್‌ಟಾಪ್‌ನಲ್ಲೇ ನೇರವಾಗಿ ಇನ್‌ಸ್ಟಾಲ್ ಮಾಡಿ. ಡ್ರೈವರ್ ಡೆಸ್ಕ್‌ಟಾಪ್‌ನಿಂದ ಬರಬೇಕಾಗಿಲ್ಲವಾದ್ದರಿಂದ ಸಾಮಾನ್ಯವಾಗಿ ಕೆಲಸವಾಗುತ್ತದೆ.

ನಿಮ್ಮ ಡೆಸ್ಕ್‌ಟಾಪ್‌ಗೆ ವಿಂಡೋಸ್ 11 ಅಧಿಕೃತವಾಗಿ ಬರುವುದಿಲ್ಲ. ಅದಕ್ಕೆ ಇಂಟೆಲ್‌ನಲ್ಲಿ ಎಂಟನೇ ತಲೆಮಾರು ಮತ್ತು ಟಿಪಿಎಂ 2.0 ಎಂಬ ಭದ್ರತಾ ಚಿಪ್ ಸೌಲಭ್ಯ ಬೇಕು. ಆ ತಪಾಸಣೆಯನ್ನು ದಾಟಿಸಿ ಹಾಕಿಕೊಡುವವರಿದ್ದಾರೆ. ಆದರೆ ಹಾಗೆ ಹಾಕಿದ ಯಂತ್ರಕ್ಕೆ ಅಪ್ಡೇಟ್ ಬರುತ್ತಲೇ ಇರುತ್ತದೆ ಎಂಬ ಭರವಸೆ ಇಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಮನೆ ಬಳಕೆಯ ಆವೃತ್ತಿಗಳಿಗೆ ಇಎಸ್‌ಯು ಎಂಬ ಹೆಚ್ಚುವರಿ ಭದ್ರತಾ ಅವಧಿಯನ್ನು 2026ರ ಅಕ್ಟೋಬರ್ 13ರವರೆಗೆ ಪ್ರಕಟಿಸಲಾಯಿತು. 22ಎಚ್2 ಆವೃತ್ತಿ ಮತ್ತು ಮೈಕ್ರೋಸಾಫ್ಟ್ ಖಾತೆ ಬೇಕು. ಸೆಟ್ಟಿಂಗ್ಸ್ ಬ್ಯಾಕಪ್ ಅನ್ನು ಖಾತೆಗೆ ಜೋಡಿಸಿದರೆ ಹಣವಿಲ್ಲದೆ, ಇಲ್ಲವೇ 1000 ರಿವಾರ್ಡ್ಸ್ ಅಂಕ, ಇಲ್ಲವೇ 30 ಡಾಲರ್ ಕೊಟ್ಟು ನೋಂದಾಯಿಸುವಂತೆ ಅದನ್ನು ರೂಪಿಸಿದ್ದರು. ನೋಂದಾಯಿಸಿದ ಯಂತ್ರಕ್ಕೆ ಬರುವುದು ಭದ್ರತಾ ತೇಪೆ ಮಾತ್ರ. ಹೊಸ ಸೌಲಭ್ಯ ಹೊತ್ತು ತರುವ, ಗಂಟೆಗಟ್ಟಲೆ ಹಿಡಿಯುವ ದೊಡ್ಡ ಅಪ್ಡೇಟ್‌ಗಳ ಕಾಟ ಅದಕ್ಕಿಲ್ಲ.

ಇನ್ನು ಲಿನಕ್ಸ್. ನಿಮ್ಮ ಕೆಲಸಗಳನ್ನು ಒಂದೊಂದಾಗಿ ಅದರ ಮುಂದೆ ಇಟ್ಟು ನೋಡೋಣ. ಪೇಜ್‌ಮೇಕರ್ ಅಲ್ಲಿ ನಂಬಿಕೊಂಡು ದುಡಿಯುವಷ್ಟು ನಡೆಯುವುದಿಲ್ಲ. ಬೆರಳಚ್ಚು ಸಾಧನ, ಡಿಜಿಟಲ್ ಸಹಿಯ ಟೋಕನ್ ಇವುಗಳ ತಂತ್ರಾಂಶ ಸಿದ್ಧವಾಗಿ ಸಿಗುವುದು ಮುಖ್ಯವಾಗಿ ವಿಂಡೋಸ್‌ಗೆ. ಲೆಕ್ಕಪತ್ರದ ತಂತ್ರಾಂಶ ಟ್ಯಾಲಿಯದೂ ಅಷ್ಟೆ. ಹಾಗಾಗಿ ಲ್ಯಾಪ್‌ಟಾಪ್ ವಿಂಡೋಸ್‌ನಲ್ಲೇ ಇರಲಿ, ಡೆಸ್ಕ್‌ಟಾಪ್‌ನಲ್ಲಿ ವಿಂಡೋಸ್ ಮತ್ತು ಲಿನಕ್ಸ್ ಎರಡೂ ಇರಲಿ. ನಿಮ್ಮ ಪ್ರಿಂಟರ್ ಕೂಡ ತೊಡಕಿನದೇ. ಎಲ್‌ಬಿಪಿ 2900 ಕ್ಯಾನನ್‌ನ ಕ್ಯಾಪ್ಟ್ ಎಂಬ ಸ್ವಂತ ಭಾಷೆಯಲ್ಲಿ ಮಾತಾಡುವ ಪ್ರಿಂಟರ್. ಅದರ ಲಿನಕ್ಸ್ ಡ್ರೈವರ್ ಹಳೆಯದು, ಹೊಸ ಆವೃತ್ತಿಗಳಲ್ಲಿ ಕೂರಿಸಲು ಒದ್ದಾಡಬೇಕು. ಎಪ್ಸನ್‌ನ ಇಂಕ್‌ಟ್ಯಾಂಕ್ ಎಲ್ ಸರಣಿ ಸಲೀಸಾಗಿ ನಡೆಯುತ್ತದೆ. ಎಚ್‌ಪಿ ಲೇಸರ್‌ಜೆಟ್ 1020ಕ್ಕೆ ಎಚ್‌ಪಿಯ ಪ್ಲಗಿನ್ ಇಳಿಸಿಕೊಂಡರೆ ಆಯಿತು. 2900 ಇಟ್ಟುಕೊಳ್ಳುವುದಾದರೆ ಅದನ್ನು ವಿಂಡೋಸ್ ಲ್ಯಾಪ್‌ಟಾಪ್‌ಗೆ ಜೋಡಿಸಿ, ಲಿನಕ್ಸ್‌ನಲ್ಲಿ ಪಿಡಿಎಫ್ ಮಾಡಿ ಶೇರ್ ಫೋಲ್ಡರ್‌ಗೆ ಹಾಕಿ ಅಲ್ಲಿಂದ ತೆಗೆಯಿರಿ.

ಕನ್ನಡದ ವಿಷಯ ನೀವು ಹೆದರಿರುವಷ್ಟು ಕಷ್ಟವಲ್ಲ, ಆದರೆ ಎರಡು ಬೇರೆ ಸಂಗತಿಗಳನ್ನು ಬೆರೆಸಬಾರದು. ಟೈಪಿಂಗ್ ಒಂದು, ಹಳೆಯ ಫೈಲುಗಳು ಇನ್ನೊಂದು. ಟೈಪಿಂಗ್‌ಗೆ ಲಿನಕ್ಸ್‌ನಲ್ಲಿ ಬೇರೆ ಭಾಷೆ ಮೂಡಿಸುವ ಐಬಸ್ ಮತ್ತು ಅದರ ಎಂ17ಎನ್ ಪ್ಯಾಕೇಜ್ ಹಾಕಿದರೆ ಕನ್ನಡದ ಪಟ್ಟಿಯಲ್ಲಿ ಕೆಜಿಪಿ ಎಂಬ ವಿನ್ಯಾಸ ಸಿಗುತ್ತದೆ. ಅದು ನುಡಿಯಲ್ಲಿ ನೀವು ಒತ್ತುವ ಅದೇ ಕೆ.ಪಿ. ರಾವ್ ವಿನ್ಯಾಸ. ಕೆ, ಎನ್, ಎಫ್, ಎನ್, ಡಬ್ಲ್ಯು ಒತ್ತಿದರೆ ‘ಕನ್ನಡ’ ಮೂಡುತ್ತದೆ, ಒತ್ತಕ್ಷರಕ್ಕೆ ಅದೇ ಎಫ್ ಕೀಲಿ. ಬೆರಳಿಗೆ ಹೊಸದೇನೂ ಕಲಿಸಬೇಕಾಗಿಲ್ಲ. ಸಿಸ್ಟಂನ ಕೀಬೋರ್ಡ್ ಲೇಔಟ್ ಪಟ್ಟಿಯಲ್ಲಿ ಕಗಪ ಎಂಬ ಇನ್ನೊಂದು ಹೆಸರೂ ಕಾಣುತ್ತದೆ. ಅದರಲ್ಲಿ ಸ್ವರಚಿಹ್ನೆಗೆ ಬಲಗಡೆಯ ಆಲ್ಟ್ ಹಿಡಿಯಬೇಕಾಗುವುದರಿಂದ ನಿಮ್ಮ ವೇಗಕ್ಕೆ ಹೊಂದುವುದಿಲ್ಲ.

ಹಳೆಯ ಫೈಲುಗಳು ನುಡಿಯ ಆಸ್ಕಿ ಫಾಂಟ್‌ಗಳಲ್ಲಿವೆ. ಅವುಗಳ ಒಳಗಿರುವುದು ನಿಜಕ್ಕೂ ಕನ್ನಡದ ಅಕ್ಷರವಲ್ಲ, ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು. ಅವಕ್ಕೆ ಕನ್ನಡದ ರೂಪ ತೊಡಿಸುವುದು ಫಾಂಟ್. ಫಾಂಟ್ ಇಲ್ಲದ ಯಂತ್ರದಲ್ಲಿ ಲಗ್ನಪತ್ರಿಕೆ ಅರ್ಥವಿಲ್ಲದ ಚಿಹ್ನೆಗಳ ಸಾಲಾಗುವುದು ಅದಕ್ಕೇ. ವರ್ಡ್‌ನಲ್ಲಿ ಮಾಡಿದ ಫೈಲಾದರೆ ನುಡಿ ಫಾಂಟ್‌ಗಳನ್ನು ಲಿನಕ್ಸ್‌ನಲ್ಲಿ ಇನ್‌ಸ್ಟಾಲ್ ಮಾಡಿ ಲಿಬ್ರೆಆಫೀಸ್‌ನಲ್ಲಿ ತೆರೆದು ಓದಬಹುದು, ಪ್ರಿಂಟ್ ತೆಗೆಯಬಹುದು. ತಿದ್ದಬೇಕೆಂದರೆ ಮೊದಲು ಯೂನಿಕೋಡ್‌ಗೆ, ಅಂದರೆ ಪ್ರತಿ ಕನ್ನಡ ಅಕ್ಷರಕ್ಕೂ ತನ್ನದೇ ಸಂಕೇತವಿರುವ ಜಾಗತಿಕ ಮಾನಕಕ್ಕೆ, ಪರಿವರ್ತಿಸಿಕೊಳ್ಳಿ. ಪರಿವರ್ತನೆಯಾದ ಮೇಲೆ ಅರ್ಕಾವತ್ತು ಬಂದಿರುವ ಪದಗಳನ್ನೂ ‘ಸ್ವಾತಂತ್ರ್ಯ’ದಂಥ ಮೂರು ಹಂತದ ಒತ್ತಕ್ಷರಗಳನ್ನೂ ಅಂಕಿಗಳನ್ನೂ ಕಣ್ಣಾರೆ ನೋಡಿ. ತಪ್ಪುಗಳು ಅಡಗುವುದು ಅಲ್ಲೇ. ಹೊಸ ಕೆಲಸವನ್ನು ಇಂದಿನಿಂದಲೇ ಯೂನಿಕೋಡ್‌ನಲ್ಲಿ ಮಾಡುತ್ತಾ ಬಂದರೆ ಮುಂದೆ ಯಾವ ಕಂಪನಿಯ ಯಾವ ತೀರ್ಮಾನಕ್ಕೂ ನಿಮ್ಮ ಬರಹ ಒತ್ತೆಯಾಗದು. ಇಡೀ ಉತ್ತರದಲ್ಲಿ ನೀವು ಇದೊಂದನ್ನೇ ಪಾಲಿಸಿದರೂ ನನಗೆ ಸಮಾಧಾನ.

ಯಾವ ಲಿನಕ್ಸ್? ಲಿನಕ್ಸ್‌ನ ಹಲವು ರೂಪಗಳಲ್ಲಿ ನಿಮಗೆ ಮಿಂಟ್, ಅದರಲ್ಲೂ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ. ಮಿಂಟ್ 22ರ ಸರಣಿಗೆ 2029ರವರೆಗೆ ಬೆಂಬಲವಿದೆ. ಅದರ ಅಪ್ಡೇಟ್ ಮ್ಯಾನೇಜರ್ ಮೂಲೆಯಲ್ಲಿ ಗುರಾಣಿಯಂಥ ಚಿತ್ರದಲ್ಲಿ ಹೊಸದಿದೆ ಎಂದು ತೋರಿಸಿ ಸುಮ್ಮನಿರುತ್ತದೆ. ನೀವು ಒತ್ತಿದಾಗ ಹಾಕುತ್ತದೆ, ತಾನಾಗಿ ರೀಸ್ಟಾರ್ಟ್ ಮಾಡುವುದಿಲ್ಲ. ಹೊಸ ಕರ್ನಲ್ (ಸಿಸ್ಟಂನ ತಿರುಳು) ಹೊಂದದಿದ್ದರೆ ಬೂಟ್ ಪಟ್ಟಿಯಿಂದ ಹಳೆಯದನ್ನೇ ಆರಿಸಬಹುದು. ಟೈಮ್‌ಶಿಫ್ಟ್ ಎಂಬ ಸೌಲಭ್ಯ ಆನ್ ಮಾಡಿಟ್ಟರೆ ಸಿಸ್ಟಂ ಅನ್ನು ನಿನ್ನೆಯ ಸ್ಥಿತಿಗೆ ಮರಳಿಸಬಹುದು. ಅದು ನಿಮ್ಮ ಫೈಲುಗಳ ಬ್ಯಾಕಪ್ ಅಲ್ಲ, ಅದಕ್ಕೆ ಬೇರೆ ಡಿಸ್ಕ್ ಬೇಕು. ಉಬುಂಟುವೂ ಒಳ್ಳೆಯದೇ. ಆದರೆ ಅದರ ಸ್ನ್ಯಾಪ್ ಪ್ಯಾಕೇಜ್‌ಗಳು, ಫೈರ್‌ಫಾಕ್ಸ್ ಸೇರಿ, ತಾವಾಗಿಯೇ ಹೊಸದಾಗುತ್ತವೆ. ಒತ್ತಾಯದ ಅಪ್ಡೇಟ್‌ನಿಂದ ಬೇಸತ್ತು ಬರುವವರಿಗೆ ಅದು ಹಿಡಿಸದು. ಗೂಗಲ್‌ನ ಆಪರೇಟಿಂಗ್ ಸಿಸ್ಟಂ ಕ್ರೋಮ್ ಓಎಸ್ ಫ್ಲೆಕ್ಸ್ ಕೂಡ ತಾನೇ ಅಪ್ಡೇಟ್ ಆಗುವಂಥದ್ದು.

ಹಾಕುವ ಕ್ರಮ ಹೀಗಿರಲಿ. ಎಸ್‌ಎಸ್‌ಡಿ ಬಂದ ಮೇಲೆ ಈಗಿನ ವಿಂಡೋಸ್ ಅನ್ನು ಅದಕ್ಕೆ ವರ್ಗಾಯಿಸಿ. 1 ಟಿಬಿಯ ಫೈಲುಗಳು 256 ಜಿಬಿಗೆ ಹಿಡಿಸದಾದ್ದರಿಂದ ಡೇಟಾವನ್ನು ಮೊದಲೇ ಬೇರೆ ಎಕ್ಸ್‌ಟರ್ನಲ್ ಡಿಸ್ಕ್‌ಗೆ ನಕಲು ಮಾಡಿಕೊಳ್ಳಬೇಕು. ಹಳೆಯ ಹಾರ್ಡ್‌ಡಿಸ್ಕ್ ಅನ್ನು ಬಿಚ್ಚಿ ಒಂದು ತಿಂಗಳು ಹಾಗೇ ಇಡಿ, ಮರೆತ ಫೈಲ್ ಇದ್ದರೆ ಅಷ್ಟರಲ್ಲಿ ನೆನಪಾಗುತ್ತದೆ. ಈ ತಿಂಗಳಲ್ಲಿ 8 ಜಿಬಿ ಪೆನ್‌ಡ್ರೈವ್‌ಗೆ ರೂಫಸ್ ಎಂಬ ತಂತ್ರಾಂಶದಿಂದ ಮಿಂಟ್‌ನ ಐಎಸ್‌ಒ (ಇನ್‌ಸ್ಟಾಲ್ ಫೈಲ್) ಬರೆದು, ಇನ್‌ಸ್ಟಾಲ್ ಮಾಡದೆ ಅದರಿಂದಲೇ ಬೂಟ್ ಮಾಡಿ ನೋಡಿ. ವೈಫೈ ಹಿಡಿಯುತ್ತದೆಯೇ, ಸ್ಕ್ಯಾನರ್ ಕಾಣುತ್ತದೆಯೇ, ನೀವು ದಿನವೂ ಬಳಸುವ ಸರ್ಕಾರಿ ಜಾಲತಾಣಗಳಲ್ಲಿ ಫೈಲ್ ಅಪ್‌ಲೋಡ್ ಆಗುತ್ತದೆಯೇ? ಒಪ್ಪಿಗೆಯಾದರೆ ಎಸ್‌ಎಸ್‌ಡಿಯ ಕೇಬಲ್ ಬಿಚ್ಚಿಟ್ಟು, ಹಳೆಯ ಹಾರ್ಡ್‌ಡಿಸ್ಕ್ ಒಂದನ್ನೇ ಜೋಡಿಸಿ ಅದರ ಮೇಲೆ ಮಿಂಟ್ ಹಾಕಿ. ಇನ್‌ಸ್ಟಾಲ್ ಮಾಡುವಾಗ ತಪ್ಪು ಡಿಸ್ಕ್ ಅಳಿಸುವ ಭಯವೇ ಇರುವುದಿಲ್ಲ. ಆಮೇಲೆ ಎರಡನ್ನೂ ಜೋಡಿಸಿ, ಆನ್ ಮಾಡುವಾಗ ಬೂಟ್ ಮೆನುವಿನಿಂದ ಬೇಕಾದ ಡಿಸ್ಕ್ ಆರಿಸಿಕೊಳ್ಳಿ.

ಎರಡೂ ಇರುವ ಯಂತ್ರದಲ್ಲಿ ಮೂರು ತೊಂದರೆ ಎದುರಾಗಬಹುದು. ಗಡಿಯಾರ ಐದೂವರೆ ಗಂಟೆ ಹಿಂದೆಮುಂದೆ ಆಗುತ್ತದೆ, ಏಕೆಂದರೆ ಲಿನಕ್ಸ್ ಬೋರ್ಡ್‌ನ ಗಡಿಯಾರದಲ್ಲಿ ವಿಶ್ವ ಸಮಯ ಇಡುತ್ತದೆ, ವಿಂಡೋಸ್ ಸ್ಥಳೀಯ ಸಮಯ. ಲಿನಕ್ಸ್ ಅನ್ನು ಸ್ಥಳೀಯ ಸಮಯಕ್ಕೆ ಹೊಂದಿಸಿದರೆ ಮುಗಿಯಿತು. ವಿಂಡೋಸ್‌ನ ಡಿಸ್ಕ್ ಲಿನಕ್ಸ್‌ನಲ್ಲಿ ಓದಲು ಮಾತ್ರ ಸಿಕ್ಕಿದರೆ ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ತೆಗೆಯಿರಿ. ಮೂರನೆಯದು, 2024ರ ಆಗಸ್ಟ್‌ನ ವಿಂಡೋಸ್ ಅಪ್ಡೇಟ್ ಒಂದು ಅನೇಕರ ಲಿನಕ್ಸ್ ಬೂಟ್ ಆಗದಂತೆ ಮಾಡಿತ್ತು. ಪರದೆಯಲ್ಲಿ ಎಸ್‌ಬಿಎಟಿ ಎಂಬ ಪದವಿರುವ ಸಂದೇಶ ಬಂದರೆ ಬಯಾಸ್‌ನಲ್ಲಿ (ಬೋರ್ಡ್‌ನ ಮೂಲ ಸೆಟ್ಟಿಂಗ್ ಪರದೆ) ಸೆಕ್ಯೂರ್ ಬೂಟ್ ತಾತ್ಕಾಲಿಕವಾಗಿ ಆಫ್ ಮಾಡಿ, ಲಿನಕ್ಸ್ ಅನ್ನು ಅಪ್ಡೇಟ್ ಮಾಡಿ, ಮತ್ತೆ ಆನ್ ಮಾಡಿ. ಲ್ಯಾಪ್‌ಟಾಪ್‌ನ ಬಯಾಸ್ ಮುಟ್ಟುವ ಸಂದರ್ಭ ಬಂದರೆ ಮೊದಲು ಡಿಸ್ಕ್‌ಗೆ ಬೀಗ ಹಾಕುವ ಬಿಟ್‌ಲಾಕರ್‌ನ 48 ಅಂಕಿಯ ರಿಕವರಿ ಕೀ ಬರೆದಿಟ್ಟುಕೊಳ್ಳಿ. ಹೊಸ ವಿಂಡೋಸ್ 11 ಯಂತ್ರಗಳಲ್ಲಿ ಡಿಸ್ಕ್ ಎನ್‌ಕ್ರಿಪ್ಟ್ ಆಗಿರುವುದು ಎಷ್ಟೋ ಮಾಲೀಕರಿಗೆ ಗೊತ್ತೇ ಇರುವುದಿಲ್ಲ.

ಇಎಸ್‌ಯು ಅವಧಿ ಮುಗಿದ ದಿನ ಡೆಸ್ಕ್‌ಟಾಪ್‌ನ ವಿಂಡೋಸ್‌ನಲ್ಲಿ ನೆಟ್‌ವರ್ಕ್ ಅಡಾಪ್ಟರ್ ಅನ್ನೇ ಡಿಸೇಬಲ್ ಮಾಡಿ, ಪೇಜ್‌ಮೇಕರ್ ಕೆಲಸಕ್ಕೆ ಮಾತ್ರ ಅದನ್ನು ಬೂಟ್ ಮಾಡಿ. ಪ್ರಿಂಟರ್‌ನ ಯುಎಸ್‌ಬಿ ಕೇಬಲ್ ಅಷ್ಟರೊಳಗೆ ಲ್ಯಾಪ್‌ಟಾಪ್‌ಗೆ ಹೋಗಿರಬೇಕು. ಬ್ರೌಸರ್, ಇಮೇಲ್, ಗಿರಾಕಿ ತಂದ ಪೆನ್‌ಡ್ರೈವ್ ಎಲ್ಲವೂ ಮಿಂಟ್ ಕಡೆ ತೆರೆಯಲಿ. ಬೇಕಾದ ಫೈಲನ್ನು ಅಲ್ಲಿಂದಲೇ ವಿಂಡೋಸ್‌ನ ಡಿಸ್ಕ್‌ಗೆ ನಕಲು ಮಾಡಿಕೊಂಡರೆ ಅವರ ಪೆನ್‌ಡ್ರೈವ್ ಅನ್ನು ವಿಂಡೋಸ್‌ಗೆ ಚುಚ್ಚುವ ಪ್ರಸಂಗವೇ ಬರುವುದಿಲ್ಲ.